ಕಾರವಾರದ ಐಎನ್‌ಎಸ್ ಚಪಲ್ ಅಳೆದು 1971ರ ಕ್ಷಿಪಣಿ ದೋಣಿಯೊಂದನ್ನು ಗೇಮ್‌ಗಾಗಿ ಕಟ್ಟಿದ ಕೆಲಸದ ದಾಖಲೆ

1971ರ ಡಿಸೆಂಬರ್ 4ರ ರಾತ್ರಿ ಭಾರತೀಯ ನೌಕಾಪಡೆಯ ನಿಪಾತ್, ನಿರ್ಘಾತ್ ಮತ್ತು ವೀರ್ ಎಂಬ ಮೂರು ಕ್ಷಿಪಣಿ ದೋಣಿಗಳು ಕಿಲ್ತಾನ್ ಮತ್ತು ಕಚ್ಚಾಲ್ ನೌಕೆಗಳ ಜೊತೆಗೂಡಿ ಕರಾಚಿಯ ಮೇಲೆ ನಡೆಸಿದ ದಾಳಿಯನ್ನು ಆಧರಿಸಿ ನಾವು ಮೂವರು ಗೆಳೆಯರು ಹುಬ್ಬಳ್ಳಿಯಲ್ಲಿ ಸಣ್ಣದೊಂದು ವಿಡಿಯೋ ಗೇಮ್ ಕಟ್ಟುತ್ತಿದ್ದೇವೆ. ಆಟಗಾರನು ಇಡೀ ರಾತ್ರಿಯನ್ನು ಒಂದೇ ದೋಣಿಯೊಳಗೆ ಕಳೆಯಬೇಕು. ರಾಡಾರ್ ಪರದೆ, ಕಿರಿದಾದ ಓಣಿ, ಏಣಿ, ಡೆಕ್, ಅಷ್ಟೇ ಅವನ ಲೋಕ. ಹೀಗಿರುವಾಗ ದೋಣಿಯ ಅಳತೆ ತಪ್ಪಿದರೆ ಆಟದಲ್ಲಿ ಉಳಿಯುವುದೇನೂ ಇಲ್ಲ. ಚಿತ್ರಗಳನ್ನು ನೋಡಿ ಕಟ್ಟಿದ ನಮ್ಮ ಮೊದಲ ಮಾದರಿಯ ಒಳಕೋಣೆಗಳು ಕಲ್ಯಾಣಮಂಟಪದಷ್ಟು ವಿಶಾಲವಾಗಿದ್ದವು. ಆ ಮಾದರಿಯನ್ನು ಅಳಿಸಿಹಾಕಿ, ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿರುವ ಯುದ್ಧನೌಕಾ ವಸ್ತುಸಂಗ್ರಹಾಲಯಕ್ಕೆ ಹೋಗಿ, ಅಲ್ಲಿನ ಐಎನ್‌ಎಸ್ ಚಪಲ್ ನೌಕೆಯನ್ನು ಅಳೆದು ಹೊಸದಾಗಿ ಕಟ್ಟಿದ ಕ್ರಮವನ್ನು ಇಲ್ಲಿ ಬರೆದಿಟ್ಟಿದ್ದೇನೆ.

ಹಂತ 1: ನೌಕೆ ಯಾವ ಕಾಲದ್ದೆಂದು ತಿಳಿಯುವುದು

ಚಪಲ್ 1971ರಲ್ಲಿ ಕರಾಚಿಗೆ ಹೋಗಿಬಂದ ನೌಕೆ ಎಂಬ ಮಾತು ಹಲವರ ಬಾಯಲ್ಲಿದೆ, ಕೆಲವು ಪ್ರವಾಸಿ ಬರಹಗಳಲ್ಲಿಯೂ ಇದೆ. ನಾವು ಅದನ್ನೇ ನಂಬಿ ಕೆಲಸದ ಪಟ್ಟಿ ಮಾಡಿಕೊಂಡಿದ್ದೆವು. ಹೊರಡುವ ಮುನ್ನ ಇಸವಿಗಳನ್ನು ಹೊಂದಿಸಿ ನೋಡಿದಾಗ ಲೆಕ್ಕ ಕೂಡಲಿಲ್ಲ. ಚಪಲ್ ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಸೇವೆಯಿಂದ ಬಿಡುಗಡೆಯಾದದ್ದು 2005ರಲ್ಲಿ, ಸಂಗ್ರಹಾಲಯವಾದದ್ದು 2006ರಲ್ಲಿ. ಯುದ್ಧ ಮುಗಿದ ಐದು ವರ್ಷಗಳ ಮೇಲೆ ಬಂದ ನೌಕೆ ಆ ರಾತ್ರಿ ಕರಾಚಿಯ ಮುಂದೆ ಇರಲು ಸಾಧ್ಯವಿರಲಿಲ್ಲ.

1971ರ ದಾಳಿಗೆ ಹೋದವು ಸೋವಿಯತ್ ಒಕ್ಕೂಟದಿಂದ ತಂದ ಎಂಟು ಓಸಾ-1 ಮಾದರಿಯ ದೋಣಿಗಳ ಪೈಕಿ ಮೂರು. ಚಪಲ್ ಅದರ ನಂತರದ ಓಸಾ-2 ಮಾದರಿಯದು. ಎರಡರ ಒಡಲು ಬಹುತೇಕ ಒಂದೇ: ಉದ್ದ ಸುಮಾರು 38.6 ಮೀಟರ್, ಅಗಲ ಸುಮಾರು 7.6 ಮೀಟರ್. ಎರಡರಲ್ಲಿಯೂ ಮೂರು ಡೀಸೆಲ್ ಎಂಜಿನ್, ನಾಲ್ಕು ಕ್ಷಿಪಣಿ, ಹಿಂದೆ ಮುಂದೆ ಒಂದೊಂದು ಜೋಡಿನಳಿಗೆಯ 30 ಮಿ.ಮೀ. ತೋಪು. ವ್ಯತ್ಯಾಸ ಮುಖ್ಯವಾಗಿ ಎರಡು ಕಡೆ ಇದೆ. ಓಸಾ-1ರ ಎಂಜಿನ್‌ಗಳು ತಲಾ 4000 ಅಶ್ವಶಕ್ತಿಯವು, ಓಸಾ-2ರವು ತಲಾ 5000. ಓಸಾ-1ರಲ್ಲಿ ಕ್ಷಿಪಣಿಯ ರೆಕ್ಕೆಗಳು ಮಡಚಿಕೊಳ್ಳುವುದಿಲ್ಲವಾದ್ದರಿಂದ ಅವನ್ನಿಡಲು ಅಗಲವಾದ ಪೆಟ್ಟಿಗೆಯಾಕಾರದ ಗೂಡುಗಳಿದ್ದವು. ಓಸಾ-2ರಲ್ಲಿ ರೆಕ್ಕೆ ಮಡಚುವ ಕ್ಷಿಪಣಿ ಬಂದ ಮೇಲೆ ಗೂಡುಗಳು ದುಂಡನೆಯ ಕೊಳವೆಗಳಾದವು. ಕಾರವಾರದಲ್ಲಿ ನಿಂತು ಚಿತ್ರ ತೆಗೆದರೆ ಎಲ್ಲಕ್ಕಿಂತ ಮೊದಲು ಕಣ್ಣಿಗೆ ಬೀಳುವುದು ಈ ಕೊಳವೆಗಳೇ, ಮತ್ತು ನಮ್ಮ ಆಟಕ್ಕೆ ಬೇಡವಾದದ್ದೂ ಅವೇ.

ಈ ಕಾರಣಕ್ಕೆ ಅಳತೆಯ ಪುಸ್ತಕದಲ್ಲಿ ಮೊದಲೇ ಮೂರು ಅಂಕಣ ಗೆರೆ ಹಾಕಿದೆವು: ‘ಹಾಗೆಯೇ’, ‘ತಿದ್ದಿ’, ‘ಬೇಡ’. ತೆಗೆದುಕೊಂಡ ಪ್ರತಿಯೊಂದು ಅಳತೆಯೂ, ಪ್ರತಿಯೊಂದು ಚಿತ್ರದ ಸಂಖ್ಯೆಯೂ ಆ ಕ್ಷಣದಲ್ಲೇ ಈ ಮೂರರಲ್ಲಿ ಒಂದಕ್ಕೆ ಸೇರಬೇಕೆಂಬ ನಿಯಮ. ಇಡೀ ಕೆಲಸದಲ್ಲಿ ನಮಗೆ ಅತ್ಯಂತ ಹೆಚ್ಚು ಸಮಯ ಉಳಿಸಿದ್ದು ಈ ಗೆರೆಗಳು. ಒಡಲು, ಡೆಕ್, ಬಾಗಿಲು, ಏಣಿ, ಒಳಕೋಣೆಗಳ ಎತ್ತರ ‘ಹಾಗೆಯೇ’ ಅಂಕಣಕ್ಕೆ ಹೋದವು. ಬಣ್ಣ, ದೀಪ, ಫಲಕಗಳು ‘ತಿದ್ದಿ’. ಕೊಳವೆಗಳು ‘ಬೇಡ’.

ಹಂತ 2: ಸಾಮಾನು ಮತ್ತು ಅನುಮತಿ

ಒಯ್ದದ್ದು ಇಷ್ಟು: 40 ಮೀಟರ್‌ವರೆಗೆ ಅಳೆಯುವ ಲೇಸರ್ ಮೀಟರ್, 5 ಮೀಟರ್‌ನ ಉಕ್ಕಿನ ಟೇಪು, ಗೌಂಡಿಗಳು ಗೋಡೆ ಕಟ್ಟುವಾಗ ಬಳಸುವ ನೈಲಾನ್ ದಾರ, ತೂಗುಗುಂಡು ಮತ್ತು ಲೆವೆಲ್ ಪೈಪು, ಲೈಡಾರ್ (ಬೆಳಕು ಹಾಯಿಸಿ ದೂರ ಅಳೆಯುವ ಸಾಧನ) ಇರುವ ಒಂದು ಫೋನು, 24 ಮಿ.ಮೀ. ಮಸೂರದ ಕ್ಯಾಮೆರಾ, ಬೂದುಬಣ್ಣದ ಕಾರ್ಡು, ಸಣ್ಣ ಧ್ವನಿಮುದ್ರಕ, ಹಣೆಗೆ ಕಟ್ಟುವ ದೀಪ, ಒಂದು ಅಯಸ್ಕಾಂತ, ಬಣ್ಣ ಕೀಳದ ಕಾಗದದ ಟೇಪು.

ಸಂಗ್ರಹಾಲಯದಲ್ಲಿ ಪ್ರವಾಸಿಗರಂತೆ ಓಡಾಡಿ ಚಿತ್ರ ತೆಗೆಯುವುದು ಬೇರೆ, ಮುಕ್ಕಾಲಿ ನಿಲ್ಲಿಸಿ ಟೇಪು ಹಿಡಿದು ಗಂಟೆಗಟ್ಟಲೆ ದಾರಿಗೆ ಅಡ್ಡ ಕೂರುವುದು ಬೇರೆ. ಆದ್ದರಿಂದ ಏನೇನು ಅಳೆಯುತ್ತೇವೆ, ಯಾವುದನ್ನೂ ಮುಟ್ಟಿ ಕದಲಿಸುವುದಿಲ್ಲ, ಜನ ಬರುವ ಹೊತ್ತಿಗೆ ಬದಿಗೆ ಸರಿಯುತ್ತೇವೆ ಎಂದು ಒಂದು ಪುಟದ ಪತ್ರ ಬರೆದುಕೊಟ್ಟು ಮೊದಲೇ ಒಪ್ಪಿಗೆ ಪಡೆದೆವು. ಡ್ರೋನ್ ಒಯ್ಯಲಿಲ್ಲ. ಅರ್ಗಾ ಬಳಿಯ ಕದಂಬ ನೌಕಾನೆಲೆ ಕೆಲವೇ ಕಿಲೋಮೀಟರ್ ದೂರದಲ್ಲಿರುವಾಗ ಆ ಕಡಲತೀರದಲ್ಲಿ ಡ್ರೋನ್ ಹಾರಿಸುವ ಯೋಚನೆಯನ್ನೇ ಮಾಡಬಾರದು. ಮೇಲಿನಿಂದ ಬೇಕಾಗಿದ್ದ ನೋಟವನ್ನು ಡೆಕ್ ಮೇಲೆ ಉದ್ದ ಕೋಲಿಗೆ ಫೋನು ಕಟ್ಟಿ ತೆಗೆದುಕೊಂಡೆವು.

ಹಂತ 3: ಒಡಲಿನ ಅಳತೆ

ನೌಕೆಯನ್ನು ದಡದ ಮೇಲೆ ಆಧಾರ ಕೊಟ್ಟು ನಿಲ್ಲಿಸಿರುವುದರಿಂದ ಸಮುದ್ರದಲ್ಲಿ ಕಾಣದ ಕೆಳಭಾಗವೂ ಇಲ್ಲಿ ಕಾಣುತ್ತದೆ. ಮೊದಲ ಪ್ರಯತ್ನದಲ್ಲಿ ನೆಲದ ಮೇಲೆ ನಿಂತು ಲೇಸರ್ ಮೀಟರಿನಿಂದ ಡೆಕ್ಕಿನ ಅಂಚಿಗೆ ಎತ್ತರ ಹಿಡಿದೆವು. ಇದು ಎರಡು ಕಾರಣಕ್ಕೆ ಕೆಟ್ಟಿತು. ಕಡಲತೀರದ ಬಿಸಿಲಿನಲ್ಲಿ ಲೇಸರಿನ ಕೆಂಪು ಚುಕ್ಕೆ ಎಲ್ಲಿ ಬಿದ್ದಿದೆಯೆಂದೇ ಕಾಣುತ್ತಿರಲಿಲ್ಲ. ಎರಡನೆಯದಾಗಿ, ನೆಲ ಸಮತಟ್ಟಾಗಿದೆಯೆಂದು ನಾವಾಗಿ ಭಾವಿಸಿದ್ದೆವು. ಕಂಪ್ಯೂಟರಿನಲ್ಲಿ ಬಿಂದುಗಳನ್ನು ಕೂಡಿಸಿದಾಗ ಡೆಕ್ಕಿನ ಗೆರೆ ಹಿಂಬದಿಗೆ ಹೋದಂತೆ ಹತ್ತು ಸೆಂಟಿಮೀಟರಿಗೂ ಹೆಚ್ಚು ಜಾರಿತ್ತು.

ಎರಡನೆಯ ಪ್ರಯತ್ನದಲ್ಲಿ ಲೇಸರನ್ನು ಚೀಲಕ್ಕೆ ಹಾಕಿ ಗೌಂಡಿ ಕೆಲಸದ ರೀತಿಗೆ ಹೊರಳಿದೆವು. ನೀರು ತುಂಬಿದ ಲೆವೆಲ್ ಪೈಪಿನಿಂದ ಮುಂದಿನ ತುದಿಯಿಂದ ಹಿಂದಿನ ತುದಿಯವರೆಗೆ ಒಂದೇ ಮಟ್ಟವನ್ನು ಗುರುತು ಮಾಡಿ, ಆ ಮಟ್ಟದಲ್ಲಿ ನೌಕೆಗೆ ಸಮಾನಾಂತರವಾಗಿ ನೈಲಾನ್ ದಾರ ಎಳೆದು, ಪ್ರತಿ 2 ಮೀಟರಿಗೆ ಒಂದರಂತೆ ದಾರದಿಂದ ಒಡಲಿಗಿರುವ ಅಂತರವನ್ನು ಮೂರು ಎತ್ತರಗಳಲ್ಲಿ ಟೇಪಿನಿಂದ ಹಿಡಿದೆವು. ಡೆಕ್ಕಿನ ಅಂಚಿನಿಂದ ತೂಗುಗುಂಡು ಇಳಿಬಿಟ್ಟು ಮೇಲಿನ ಬಾಗನ್ನು ಪಡೆದೆವು. ಕಡಲ ಗಾಳಿಗೆ ಗುಂಡು ನಿಲ್ಲದೆ ತೂಗುತ್ತಿತ್ತು. ಅದನ್ನು ನೀರು ತುಂಬಿದ ಬಕೆಟ್ಟಿನೊಳಗೆ ಮುಳುಗಿಸಿದ ಮೇಲೆ ನಿಂತಿತು. ಈ ಬಿಂದುಗಳಿಂದ ಕಟ್ಟಿದ ಒಡಲಿನ ಒಟ್ಟು ಉದ್ದವು ಪುಸ್ತಕದ 38.6 ಮೀಟರಿಗೆ ಹತ್ತು ಸೆಂಟಿಮೀಟರ್ ಒಳಗಿನ ವ್ಯತ್ಯಾಸದಲ್ಲಿ ಬಂತು. ಆಟಕ್ಕೆ ಅಷ್ಟು ಸಾಕು.

ಅಯಸ್ಕಾಂತದ ಕೆಲಸ ಇಲ್ಲಿಯೇ. ಈ ದೋಣಿಗಳ ಒಡಲು ಉಕ್ಕಿನದು, ಮೇಲಿನ ಕಟ್ಟಡ ತೂಕ ಕಡಿಮೆಯಾಗಲೆಂದು ಅಲ್ಯೂಮಿನಿಯಂ ಮಿಶ್ರಲೋಹದ್ದು. ಡೆಕ್ಕಿಗೆ ಹಿಡಿದ ಅಯಸ್ಕಾಂತ ಅಂಟಿತು, ಮೇಲ್ಗೋಡೆಗೆ ಹಿಡಿದದ್ದು ಜಾರಿಬಿತ್ತು. ಎಲ್ಲಿ ಅಂಟುತ್ತದೆ, ಎಲ್ಲಿ ಅಂಟುವುದಿಲ್ಲ ಎಂಬುದನ್ನು ನಕ್ಷೆಯಲ್ಲಿ ಬಣ್ಣ ಹಚ್ಚಿ ಗುರುತಿಸಿಕೊಂಡೆವು. ಆಟದಲ್ಲಿ ಕಾಲಿಟ್ಟಾಗ, ಕೈ ತಾಗಿದಾಗ ಬರುವ ಸದ್ದುಗಳನ್ನು ಈಗ ಆ ನಕ್ಷೆಯ ಪ್ರಕಾರವೇ ಹಂಚಿದ್ದೇವೆ.

ಹಂತ 4: ಒಳಕೋಣೆಗಳು

ಈ ಹಂತ ನಮ್ಮನ್ನು ಬಹಳ ಕಾಲ ಹಿಡಿದು ನಿಲ್ಲಿಸಿತು. ನಾವು ಬಳಸುವ ಗೊಡೋ ಎಂಬ ಆಟ ಕಟ್ಟುವ ತಂತ್ರಾಂಶದಲ್ಲಿ (ಗೇಮ್ ಎಂಜಿನ್) ಆಟಗಾರನ ದೇಹಕ್ಕೆ ಮೊದಲಿಗೇ ಸಿಗುವ ಗುಳಿಗೆಯಾಕಾರದ ಎತ್ತರ 2 ಮೀಟರ್, ತ್ರಿಜ್ಯ ಅರ್ಧ ಮೀಟರ್. ಅಂದರೆ ಒಂದು ಮೀಟರ್ ಅಗಲದ ಮನುಷ್ಯ. ನೌಕೆಯೊಳಗಿನ ಬಾಗಿಲುಗಳು 60 ಸೆಂಟಿಮೀಟರ್ ಆಸುಪಾಸಿನವು, ಕೆಳಗೆ ಮೊಣಕಾಲಿಗೆ ಬಡಿಯುವಷ್ಟು ಎತ್ತರದ ಹೊಸ್ತಿಲು ಬೇರೆ. ಅಳತೆಗೆ ಸರಿಯಾಗಿ ಕಟ್ಟಿದ ದೋಣಿಯಲ್ಲಿ ಆಟಗಾರ ಮೊದಲ ಬಾಗಿಲಲ್ಲೇ ಸಿಕ್ಕಿಹಾಕಿಕೊಂಡ.

ಇಂಥ ಕಡೆ ಸಾಮಾನ್ಯವಾಗಿ ಮಾಡುವ ಉಪಾಯವೆಂದರೆ ಒಳಾಂಗಣವನ್ನು ಶೇಕಡಾ ಹದಿನೈದೋ ಇಪ್ಪತ್ತೋ ಹಿಗ್ಗಿಸುವುದು. ನಾವೂ ಹಿಗ್ಗಿಸಿದೆವು. ಓಡಾಟ ಸಲೀಸಾಯಿತು, ಆದರೆ ಒಳಗಿನ ಕೋಣೆಗಳು ಹೊರಗಿನ ಒಡಲಿಗಿಂತ ದೊಡ್ಡವಾಗಿ, ಮುಂಭಾಗದಲ್ಲಿ ಕೋಣೆಯ ಮೂಲೆ ನೌಕೆಯ ಹೊರಗೆ ಚಾಚಿಕೊಂಡಿತು. ಅದಕ್ಕಿಂತ ದೊಡ್ಡ ನಷ್ಟವೆಂದರೆ, ಕಾರವಾರದಲ್ಲಿ ಒಳಗಿಳಿದಾಗ ಭುಜವನ್ನು ಓರೆ ಮಾಡಿ, ತಲೆ ತಗ್ಗಿಸಿ, ಎದುರಿನವನಿಗೆ ದಾರಿ ಬಿಡಲು ಗೋಡೆಗೆ ಬೆನ್ನು ಹಚ್ಚಿ ನಿಲ್ಲಬೇಕಾದ ಆ ಇಕ್ಕಟ್ಟು ಪೂರ್ತಿ ಮಾಯವಾಯಿತು. ಸುಮಾರು 30 ಜನ ಇದರಲ್ಲಿ ಯುದ್ಧಕ್ಕೆ ಹೋಗುತ್ತಿದ್ದರೆಂಬುದನ್ನು ಆಟಗಾರ ಮೈಯಿಂದ ಅರಿಯಬೇಕು. ಬರಹದ ಫಲಕದಿಂದ ಅದನ್ನು ಹೇಳಿ ಪ್ರಯೋಜನವಿಲ್ಲ.

ಹಿಗ್ಗಿಸಿದ್ದನ್ನೆಲ್ಲ ಅಳಿಸಿ ನಿಜ ಅಳತೆಗೆ ಮರಳಿ, ಬದಲಿಗೆ ಆಟಗಾರನನ್ನು ಸಣ್ಣದಾಗಿಸಿದೆವು: ತ್ರಿಜ್ಯ 24 ಸೆಂಟಿಮೀಟರ್, ನಿಂತಾಗ ಎತ್ತರ 1.72 ಮೀಟರ್, ಬಾಗಿಲಿನ ಬಳಿ ತಾನಾಗಿ ತಗ್ಗಿ 1.5 ಮೀಟರ್. ನೋಟದ ಕೋನವನ್ನು 90 ಡಿಗ್ರಿಯಿಂದ 68ಕ್ಕೆ ಇಳಿಸಿದೆವು. 90ರಲ್ಲಿ ಎರಡು ಮೀಟರಿನ ಕೋಣೆಯೂ ಸಭಾಂಗಣದಂತೆ ಹರಡಿಕೊಂಡು ಕಾಣುತ್ತದೆ. ಹೊಸ್ತಿಲು ದಾಟುವುದನ್ನು ಭೌತಶಾಸ್ತ್ರದ ಲೆಕ್ಕಕ್ಕೆ ಬಿಡದೆ ಪ್ರತ್ಯೇಕ ಚಲನೆಯಾಗಿ ಬರೆದೆವು. ಹಾಗೆ ಬಿಟ್ಟಿದ್ದಾಗ ಆಟಗಾರ ಹೊಸ್ತಿಲ ಮೇಲೆ ಹತ್ತಿ ನಡುಗುತ್ತಾ ನಿಲ್ಲುತ್ತಿದ್ದ.

ಏಣಿಯ ವಿಷಯದಲ್ಲಿ ಸಹಾಯವಾದದ್ದು ಇಂಥದೇ ದೋಣಿಯ ಎಂಜಿನ್ ವಿಭಾಗದಲ್ಲಿ ದುಡಿದು ಈಗ ಅಂಕೋಲಾ ಕಡೆ ನೆಲೆಸಿರುವ ನಿವೃತ್ತ ನಾವಿಕರೊಬ್ಬರು. ನಾನು ಮನೆಯ ಮೆಟ್ಟಿಲು ಇಳಿಯುವಂತೆ ಮುಂದೆ ನೋಡುತ್ತಾ ಇಳಿಯಲು ಹೊರಟಾಗ ಅವರು ತಡೆದು, “ತಮ್ಮಾ, ಏಣಿಗೆ ಬೆನ್ನು ಕೊಟ್ಟು ಇಳೀಬೇಡ. ದೋಣಿ ಒಂದ್ಸಲ ಹೊಯ್ದಾಡಿದ್ರೆ ಹಲ್ಲು ಉಳಿಯೋದಿಲ್ಲ,” ಎಂದರು. “ಹಾಗಾದರೆ ಕೈಯಲ್ಲಿ ಸಾಮಾನಿದ್ದರೆ ಹೇಗೆ ಇಳೀತಿದ್ರಿ ಸರ್?” ಎಂದು ಕೇಳಿದೆ. “ಸಾಮಾನು ಕೆಳಗಿದ್ದವನ ಕೈಗೆ, ಆಮೇಲೆ ನೀನು,” ಎಂದು ತೋರಿಸಿಕೊಟ್ಟರು. ಅವರು ಮೊಣಕೈಯನ್ನು ಗೋಡೆಗೆ ಒತ್ತಿ ನಿಲ್ಲುವ ರೀತಿ, ಬಾಗಿಲು ದಾಟುವಾಗ ಮೊದಲು ಕಾಲು, ಆಮೇಲೆ ತಲೆ ಹಾಕುವ ಕ್ರಮ, ಇವೆಲ್ಲವನ್ನೂ ಅವರ ಒಪ್ಪಿಗೆಯಿಂದ ಚಿತ್ರೀಕರಿಸಿಕೊಂಡು ಅದನ್ನೇ ನೋಡಿ ಚಲನೆಗಳನ್ನು ರಚಿಸಿದೆವು. ಆಟದಲ್ಲಿ ಒಬ್ಬ ಸಹನಾವಿಕನ ಕೈಗೆ ಸಾಮಾನು ಕೊಡುವ ಗುಂಡಿಯೊಂದು ಈ ಮಾತಿನಿಂದ ಹುಟ್ಟಿತು.

ಹಂತ 5: ಚಿತ್ರಗಳಿಂದ ಮೂರು ಆಯಾಮದ ಮಾದರಿ

ನೂರಾರು ಚಿತ್ರಗಳನ್ನು ಒಂದಕ್ಕೊಂದು ಹೊಂದಿಸಿ ಮೂರು ಆಯಾಮದ ಮಾದರಿ ಮಾಡುವ ತಂತ್ರಾಂಶಕ್ಕೆ ವಸ್ತುವಿನ ಮೈಮೇಲೆ ಗುರುತುಗಳು ಬೇಕು: ಕಲೆ, ಗೀರು, ತುಕ್ಕು, ಮೊಳೆಯ ತಲೆ. ಉಪ್ಪುಗಾಳಿಯಿಂದ ಕಾಪಾಡಲು ಮೇಲಿಂದ ಮೇಲೆ ಬಣ್ಣ ಬಳಿಯಬೇಕಾದ ನೌಕೆಯ ಹೊರಮೈಯಲ್ಲಿ ಇವು ಯಾವುವೂ ಇರುವುದಿಲ್ಲ. ನುಣುಪಾದ ಬೂದು ಗೋಡೆಯ ಮೇಲೆ ಬಿಸಿಲು ಹೊಳೆದು, ಕ್ಯಾಮೆರಾ ಸರಿದಂತೆ ಆ ಹೊಳಪೂ ಸರಿದು, ತಂತ್ರಾಂಶವು ಹೊಳಪನ್ನೇ ಗುರುತೆಂದು ಹಿಡಿದು ಗೋಡೆಯನ್ನು ಅಲೆಅಲೆಯಾಗಿ ಕಟ್ಟಿಕೊಟ್ಟಿತು. ರಾತ್ರಿಯಿಡೀ ಲ್ಯಾಪ್‌ಟಾಪ್ ಓಡಿಸಿ ಪಡೆದ ಆ ಮಾದರಿಯನ್ನು ಬೆಳಿಗ್ಗೆ ಎಸೆಯಬೇಕಾಯಿತು.

ಸರಿಹೋದದ್ದು ಹೀಗೆ: ಸೂರ್ಯ ಮೇಲೇರುವ ಮುಂಚಿನ ಮಂದ ಬೆಳಕಿನಲ್ಲಿ ಮಾತ್ರ ಹೊರಗಿನ ಚಿತ್ರ ತೆಗೆಯುವುದು, ಮುದ್ರಿಸಿದ ಚೌಕುಳಿ ಗುರುತುಗಳನ್ನು ಕಾಗದದ ಟೇಪಿನಿಂದ ಅಲ್ಲಲ್ಲಿ ಅಂಟಿಸಿ ಕೆಲಸ ಮುಗಿದ ಕೂಡಲೇ ತೆಗೆಯುವುದು, ಪ್ರತಿ ಚಿತ್ರವೂ ಹಿಂದಿನದರ ಮೂರನೇ ಎರಡು ಭಾಗವನ್ನು ಒಳಗೊಳ್ಳುವಂತೆ ಹೆಜ್ಜೆ ಇಡುವುದು. ಒಳಗೆ ಟ್ಯೂಬ್‌ಲೈಟ್ ಬೆಳಕಿನಲ್ಲಿ ಚಿತ್ರಗಳ ಮೇಲೆ ಅಡ್ಡಪಟ್ಟಿ ಮೂಡುತ್ತಿದ್ದವು. ಶಟರ್ ವೇಗವನ್ನು 1/50 ಸೆಕೆಂಡಿಗೆ ಕಟ್ಟಿಹಾಕಿದ ಮೇಲೆ ನಿಂತವು. ಮಸೂರದ ಮೇಲೆ ಉಪ್ಪಿನ ತೆಳು ಪೊರೆ ಕೂತು ಚಿತ್ರ ಮಬ್ಬಾಗುವುದು ಕಡಲತೀರದಲ್ಲಿ ತಪ್ಪದ ಕಾಟ. ಒಣಬಟ್ಟೆಯಲ್ಲಿ ಒರೆಸಿದರೆ ಗೀರು ಬೀಳುತ್ತದೆ, ಶುದ್ಧ ನೀರಿನಲ್ಲಿ ಅದ್ದಿದ ಬಟ್ಟೆಯೇ ಆಗಬೇಕು.

ಫೋನಿನ ಲೈಡಾರ್ ಒಳಕೋಣೆಗಳಿಗೆ ಸುಲಭವೆಂದುಕೊಂಡಿದ್ದೆವು. ಒಂದೇ ಉಸಿರಿಗೆ ಎಲ್ಲ ಕೋಣೆ ಸುತ್ತಿ ಹೊರಟ ಜಾಗಕ್ಕೆ ಮರಳಿದಾಗ ಅದೇ ಬಾಗಿಲು ಒಂದು ಗೇಣು ಪಕ್ಕಕ್ಕೆ ಇನ್ನೊಮ್ಮೆ ಮೂಡಿತ್ತು. ಕೋಣೆ ಕೋಣೆಯನ್ನೂ ಬೇರೆ ಬೇರೆಯಾಗಿ ಹಿಡಿದು, ಟೇಪಿನಿಂದ ಅಳೆದ ಬಾಗಿಲುಗಳ ಆಧಾರದ ಮೇಲೆ ಬ್ಲೆಂಡರ್ ಎಂಬ ಮೂರು ಆಯಾಮದ ಮಾದರಿ ತಂತ್ರಾಂಶದಲ್ಲಿ ಜೋಡಿಸಿದರೆ ಮಾತ್ರ ಇದು ಉಪಯೋಗಕ್ಕೆ ಬರುತ್ತದೆ. ಅಂತಿಮವಾಗಿ ಸ್ಕ್ಯಾನ್‌ಗಳನ್ನು ನೇರವಾಗಿ ಆಟಕ್ಕೆ ಹಾಕಲಿಲ್ಲ. ಬಣ್ಣದ ಪದರಗಳ ಕೆಳಗೆ ಬೋಲ್ಟುಗಳು ಮೇಣದ ಗುಳ್ಳೆಗಳಾಗಿ ಬಂದಿದ್ದವು. ಸ್ಕ್ಯಾನನ್ನು ಕೆಳಗಿಟ್ಟುಕೊಂಡು ಅದರ ಮೇಲೆ ಕೈಯಿಂದಲೇ ಹೊಸ ಮಾದರಿ ಬಿಡಿಸಿದೆವು. ಇಡೀ ದೋಣಿಯ ಮಾದರಿ ಈಗ ಅದರ ಮೈಯನ್ನು ರೂಪಿಸುವ 70,000 ಸಣ್ಣ ತ್ರಿಕೋನಗಳೊಳಗೆ ಇದ್ದು ಹಳೆಯ ಲ್ಯಾಪ್‌ಟಾಪಿನಲ್ಲಿಯೂ ಓಡುತ್ತದೆ. ಬೂದು ಕಾರ್ಡು ಹಿಡಿದು ತೆಗೆದ ಬಣ್ಣದ ಅಳತೆ ‘ತಿದ್ದಿ’ ಅಂಕಣದಲ್ಲಿದೆ: ಅದು ಇಂದಿನ ಬಣ್ಣವನ್ನು ಹೇಳುತ್ತದೆ, 1971ರದನ್ನಲ್ಲ.

ಹಂತ 6: ಸದ್ದು

ಕೋಣೆಗಳ ಪ್ರತಿಧ್ವನಿಯನ್ನು ಎರಡು ಮರದ ಹಲಗೆಗಳನ್ನು ಒಂದಕ್ಕೊಂದು ಬಡಿದು ಮುದ್ರಿಸಿಕೊಂಡೆವು. ಪಕ್ಕದ ಹೆದ್ದಾರಿಯಲ್ಲಿ ಲಾರಿ ಇಲ್ಲದ, ಒಳಗೆ ಜನರಿಲ್ಲದ ಬೆಳಗಿನ ಹೊತ್ತನ್ನೇ ಕಾಯಬೇಕು. ಅದೊಂದು ಬಿಟ್ಟರೆ ಇದು ತೊಂದರೆಯಿಲ್ಲದೆ ಮುಗಿಯಿತು.

ಎಂಜಿನ್ ಸದ್ದು ಮಾತ್ರ ಸಂಗ್ರಹಾಲಯದಲ್ಲಿ ಸಿಗುವ ವಸ್ತುವಲ್ಲ. ಬೈತಖೋಲ್ ಮೀನುಗಾರಿಕಾ ಬಂದರಿನಲ್ಲಿ ಟ್ರಾಲರ್ ಬೋಟಿನವರೊಬ್ಬರನ್ನು ಕೇಳಿಕೊಂಡು ಅವರ ಆರು ಸಿಲಿಂಡರಿನ ಡೀಸೆಲ್ ಎಂಜಿನ್ನನ್ನು ಮುದ್ರಿಸಿ, ಅದರ ಸ್ಥಾಯಿ ಏರಿಸಿ ಆಟಕ್ಕೆ ಹಾಕಿದೆವು. ಕೇಳಿದರೆ ಟ್ರಾಲರೇ ಕೇಳುತ್ತಿತ್ತು. ಕಾರಣ ಲೆಕ್ಕ ಹಾಕಿದ ಮೇಲೆ ತಿಳಿಯಿತು. ಓಸಾ-1ರ ಒಂದೊಂದು ಎಂಜಿನ್ನಿನಲ್ಲಿ ನಕ್ಷತ್ರಾಕಾರವಾಗಿ ಜೋಡಿಸಿದ ಏಳು ಸಾಲು, ಸಾಲಿಗೆ ಆರರಂತೆ 42 ಸಿಲಿಂಡರ್‌ಗಳು. ನಿಮಿಷಕ್ಕೆ 2200 ಸುತ್ತಿನ ಆಸುಪಾಸಿನ ಪೂರ್ಣ ವೇಗದಲ್ಲಿ ಸೆಕೆಂಡಿಗೆ ಸುಮಾರು 770 ಸ್ಫೋಟಗಳಾಗುತ್ತವೆ. ಟ್ರಾಲರಿನ ಎಂಜಿನ್ನಿನಲ್ಲಿ 1500 ಸುತ್ತಿಗೆ ಸೆಕೆಂಡಿಗೆ 75. ಒಂದರಲ್ಲಿ ಗುಡುಗುಡು, ಇನ್ನೊಂದರಲ್ಲಿ ಬಡಿತಗಳೆಲ್ಲ ಕೂಡಿ ಒಂದೇ ಕೂಗು. ಸ್ಥಾಯಿ ಏರಿಸಿದರೆ ಮೊದಲನೆಯದು ಎರಡನೆಯದಾಗುವುದಿಲ್ಲ. ಈಗ ಗಣಕದಲ್ಲೇ ಹುಟ್ಟಿಸಿದ 770 ಹರ್ಟ್ಸ್‌ನ ಮೂರು ಸ್ವರಗಳನ್ನು ಒಂದಕ್ಕೊಂದು ಕೂದಲೆಳೆಯಷ್ಟು ತಪ್ಪಿಸಿ ಕೂಡಿಸಿ, ಅದರಡಿಯಲ್ಲಿ ಟ್ರಾಲರಿನ ಒಡಲು ಅದುರುವ ಸದ್ದನ್ನಷ್ಟೇ ಉಳಿಸಿದ್ದೇವೆ. ನಿವೃತ್ತ ನಾವಿಕರಿಗೆ ಫೋನಿನಲ್ಲಿ ಕೇಳಿಸಿದಾಗ, ಸದ್ದು ಹತ್ತಿರಕ್ಕೆ ಬಂದಿದೆಯೆಂದೂ ಎದೆಗೆ ತಟ್ಟುವ ಅದುರು ಸಾಲದೆಂದೂ ಹೇಳಿದರು.

ಹಂತ 7: ಕಾರವಾರದಲ್ಲಿ ಇಲ್ಲದ ಗೂಡುಗಳನ್ನು ಕಟ್ಟುವುದು

ಓಸಾ-1ರ ಪೆಟ್ಟಿಗೆಯಾಕಾರದ ಗೂಡಿಗೆ ಆಧಾರವಾಗಿ ಬಳಸಿದ್ದು ಶೀತಲ ಸಮರದ ಕಾಲದಲ್ಲಿ ಅಮೆರಿಕದ ನೌಕಾಪಡೆ ತೆಗೆದ ಸೋವಿಯತ್ ದೋಣಿಗಳ ಚಿತ್ರಗಳು. ಅವು ಸಾರ್ವಜನಿಕ ಬಳಕೆಗೆ ಮುಕ್ತವಾಗಿವೆ. ಚಿತ್ರದಲ್ಲಿನ ಗೆರೆಗಳನ್ನು ಹಿಡಿದು ಕ್ಯಾಮೆರಾ ನಿಂತ ಜಾಗವನ್ನು ಕಂಡುಹಿಡಿಯುವ ಎಫ್‌ಸ್ಪೈ ಎಂಬ ಉಚಿತ ಉಪಕರಣದಲ್ಲಿ, ಕಾರವಾರದಲ್ಲಿ ಅಳೆದ ಒಡಲನ್ನೇ ಅಳತೆಗೋಲಾಗಿ ಕೂರಿಸಿದೆವು. ಒಡಲು ಎರಡೂ ಮಾದರಿಗೆ ಒಂದೇ ಆದ್ದರಿಂದ ಅದು ಚಿತ್ರದ ಮೇಲೆ ಸರಿಯಾಗಿ ಕೂತರೆ ಗೂಡಿನ ಅಳತೆಯನ್ನು ನಂಬಬಹುದು. ಹಂತ 3ರಲ್ಲಿ ನೀರಿನ ಬಕೆಟ್ಟು ಹೊತ್ತದ್ದು ಇಲ್ಲಿ ಫಲ ಕೊಟ್ಟಿತು.

ಮೊದಲು ಬಂದ ಗೂಡಿನ ಒಳಗಲ 2.2 ಮೀಟರ್. ಕ್ಷಿಪಣಿಯ ಉದ್ದ 5.8 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 2.4 ಮೀಟರ್. ಒಳಗಿಟ್ಟಾಗ ರೆಕ್ಕೆಗಳು ಎರಡೂ ಗೋಡೆಯಿಂದ ಹೊರಬಂದವು. ಮಡಚದ ರೆಕ್ಕೆಯ ಕ್ಷಿಪಣಿ ಗೂಡಿನೊಳಗೆ ಹಿಡಿಯಲೇಬೇಕಾದ್ದರಿಂದ ತಪ್ಪು ಗೂಡಿನದೇ. ಹುಡುಕಿದಾಗ ಒಂದು ಚಿತ್ರವನ್ನು ಯಾರೋ ಅಂಚು ಕತ್ತರಿಸಿ ಹಂಚಿದ್ದು ತಿಳಿಯಿತು. ಅಂಚು ಕತ್ತರಿಸಿದರೆ ಚಿತ್ರದ ನಡುಬಿಂದು ಸರಿದು ಎಫ್‌ಸ್ಪೈ ಲೆಕ್ಕವೇ ತಪ್ಪುತ್ತದೆ. ಆ ಚಿತ್ರವನ್ನು ಬಿಟ್ಟು ಪೂರ್ಣ ಚಿತ್ರಗಳಿಂದ ಮತ್ತೆ ಮಾಡಿದಾಗ ರೆಕ್ಕೆಗಳು ಒಳಗೆ ಹಿಡಿದವು. ಹಿಂದಿನ ಎರಡು ಗೂಡುಗಳನ್ನು ಮುಂದಿನವುಗಳಿಗಿಂತ ಕೊಂಚ ಹೆಚ್ಚು ಮೇಲ್ಮುಖವಾಗಿ ಇಡಬೇಕು, ಇಲ್ಲವಾದರೆ ಹಿಂದಿನಿಂದ ಹಾರುವ ಕ್ಷಿಪಣಿಗೆ ಮುಂದಿನ ಗೂಡು ಅಡ್ಡಬರುತ್ತದೆ.

ಹಂತ 8: ಆಟದ ನಿಯಮಗಳಲ್ಲಿ ತಿದ್ದಿದವು

ತೋಪಿನ ಗೋಪುರ. ಹಳೆಯ ವಿನ್ಯಾಸದಲ್ಲಿ ಆಟಗಾರ ಗೋಪುರದೊಳಗೆ ಕೂತು ಗುಂಡು ಹಾರಿಸುತ್ತಿದ್ದ. ಡೆಕ್ ಮೇಲೆ ಅದರ ಪಕ್ಕದಲ್ಲಿ ನಿಂತು ನೋಡಿದ ಕೂಡಲೇ ಮನುಷ್ಯ ಹಿಡಿಯುವ ಗಾತ್ರದ್ದಲ್ಲವೆಂದು ತಿಳಿಯಿತು. ಈ 30 ಮಿ.ಮೀ. ತೋಪಿನ ಹೆಸರು ಎಕೆ-230, ಅದು ದೂರದಿಂದಲೇ ನಿಯಂತ್ರಿಸುವ, ಒಳಗೆ ಯಾರೂ ಇಲ್ಲದ ತೋಪು. ನಳಿಗೆಗೆ 500 ಗುಂಡು. ಆ ಭಾಗವನ್ನು ಪೂರ್ತಿ ತೆಗೆದೆವು.

ಕ್ಷಿಪಣಿಯ ಹಾರಾಟ. ನಮ್ಮದು ಅಲೆಗಳನ್ನು ಸವರಿಕೊಂಡು ಹೋಗುತ್ತಿತ್ತು. ಅದು ಮುಂದಿನ ಪೀಳಿಗೆಯ ಕ್ಷಿಪಣಿಗಳ ಗುಣ. 1971ರದು ನೀರಿನಿಂದ ನೂರು ಮೀಟರಿಗೂ ಮೇಲೆ, ಶಬ್ದಕ್ಕಿಂತ ತುಸು ಕಡಿಮೆ ವೇಗದಲ್ಲಿ, ಬೆಂಕಿಯ ಬೆಳಕು ಕಾಣುವಂತೆ ಹಾರುತ್ತಿತ್ತು. ನಿರ್ಘಾತ್‌ನ ಕ್ಷಿಪಣಿಗೆ ಸಿಕ್ಕ ಪಾಕಿಸ್ತಾನದ ಖೈಬರ್ ನೌಕೆಯವರು ತಮ್ಮ ಮೇಲೆ ವಿಮಾನ ದಾಳಿ ನಡೆದಿದೆಯೆಂದೇ ಸಂದೇಶ ಕಳುಹಿಸಿದ್ದರು. 40 ಕಿಲೋಮೀಟರಿನ ಗರಿಷ್ಠ ದೂರಕ್ಕೆ ಎರಡು ನಿಮಿಷಕ್ಕೂ ಹೆಚ್ಚು ಬೇಕು. ಆ ಎರಡು ನಿಮಿಷವನ್ನು ಆಟದಲ್ಲಿ ಕತ್ತರಿಸದೆ ಇಟ್ಟಾಗ, ಆಡಿ ನೋಡಿದ ಗೆಳೆಯರು ಆಟ ನಿಂತುಹೋಯಿತೆಂದು ಗುಂಡಿಗಳನ್ನು ಒತ್ತತೊಡಗಿದರು. ಕಾಲವನ್ನು ಕಡಿಮೆ ಮಾಡಲಿಲ್ಲ. ಆ ಹೊತ್ತಿನಲ್ಲಿ ದಿಕ್ಕು ಬದಲಿಸುವ, ಮುಂದಿನ ಗೂಡನ್ನು ಸಿದ್ಧಪಡಿಸುವ, ರಾಡಾರ್ ಪರದೆ ನೋಡುವ ಕೆಲಸಗಳನ್ನು ಕೊಟ್ಟೆವು. ಹೊಡೆತ ಬಿದ್ದುದಕ್ಕೆ ಅಂಕ ಕೊಡುವುದನ್ನೂ ಈ ಹಂತದಲ್ಲಿ ಕೈಬಿಟ್ಟೆವು. ಖೈಬರ್‌ನಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಪರದೆಯ ಮೇಲಿನ ಚುಕ್ಕೆ ಅಳಿಯುವುದಷ್ಟೇ ಆಟಗಾರನಿಗೆ ಕಾಣುತ್ತದೆ, ಆ ದೋಣಿಯೊಳಗಿದ್ದವರಿಗೆ ಕಂಡದ್ದೂ ಅಷ್ಟೇ.

ಆಕಾಶ. ನಮ್ಮ ರಾತ್ರಿ ಕಗ್ಗತ್ತಲು. ಪಂಚಾಂಗದ ಲೆಕ್ಕ ತೆಗೆದರೆ 1971ರಲ್ಲಿ ಹೊಸ್ತಿಲ ಹುಣ್ಣಿಮೆ ಡಿಸೆಂಬರ್ 2ರಂದೇ ಬಂದಿತ್ತು. ದಾಳಿಯ ರಾತ್ರಿ ಹತ್ತೂಮುಕ್ಕಾಲರ ಹೊತ್ತಿಗೆ ಎರಡು ದಿನ ಸವೆದ ಚಂದ್ರ ಪೂರ್ವದಲ್ಲಿ ಚೆನ್ನಾಗಿ ಮೇಲೇರಿರಬೇಕು. ಬೆಳದಿಂಗಳು ಹಾಕಿದ ಮೇಲೆ ಡೆಕ್ಕಿನ ನೆರಳುಗಳನ್ನೆಲ್ಲ ಹೊಸದಾಗಿ ಮಾಡಬೇಕಾಯಿತು.

ಹಂತ 9: ಖರ್ಚು ಮತ್ತು ಈಗ ನಿಂತಿರುವ ಜಾಗ

ಲೇಸರ್ ಮೀಟರಿಗೆ 2,800 ರೂಪಾಯಿ, ಧ್ವನಿಮುದ್ರಕಕ್ಕೆ ಬಾಡಿಗೆ 1,500, ದಾರ, ಪೈಪು, ಟೇಪು, ಮುದ್ರಣ ಎಲ್ಲ ಸೇರಿ 900, ಅರಬೈಲ್ ಘಟ್ಟದ ದಾರಿಯ ಬಸ್ಸು, ಕಾರವಾರದ ವಸತಿ, ಊಟ ಸೇರಿ ಸುಮಾರು 13,000. ಲೇಸರ್ ಮೀಟರನ್ನು ಕೊಳ್ಳದಿದ್ದರೂ ನಡೆಯುತ್ತಿತ್ತು. ಒಳಕೋಣೆಗಳಲ್ಲಿ ಬಿಟ್ಟರೆ ಅದು ಬಳಕೆಗೆ ಬರಲೇ ಇಲ್ಲ. ತಂತ್ರಾಂಶಗಳೆಲ್ಲ ಉಚಿತದವು.

ಈಗ ಕೆಲಸ ನಿಂತಿರುವುದು ದೋಣಿಯ ಹೊಯ್ದಾಟದಲ್ಲಿ. ದೋಣಿ 15 ಡಿಗ್ರಿ ಓಲಿದರೆ ಏಣಿಯ ಮೇಲಿನ ಆಟಗಾರ ಗೋಡೆಯೊಳಗೆ ಹೂತುಹೋಗುತ್ತಾನೆ. ಓಲಾಡುವ ನೆಲದ ಮೇಲೆ ನಡೆಯುವ ದೇಹದ ಲೆಕ್ಕವನ್ನು ಗೇಮ್ ಎಂಜಿನ್ ಸರಿಯಾಗಿ ಹಿಡಿಯುತ್ತಿಲ್ಲ. ದೋಣಿಯನ್ನು ಸ್ಥಿರವಾಗಿಟ್ಟು ಸಮುದ್ರ, ಆಕಾಶ, ಚಂದ್ರರನ್ನೇ ಓಲಾಡಿಸಿ, ಗುರುತ್ವದ ದಿಕ್ಕನ್ನು ಅದಕ್ಕೆ ತಕ್ಕಂತೆ ತಿರುಗಿಸಿದ ಮೇಲೆ ಒಳಕೋಣೆಗಳಲ್ಲಿ ತೊಂದರೆ ನೀಗಿದೆ. ಆದರೆ ಡೆಕ್ ಮೇಲೆ ಬೀಳುವ ನೀರಿನ ಸಿಡಿಹನಿಗಳಿಗೆ ಆ ಹೊಸ ಗುರುತ್ವ ಇನ್ನೂ ಅನ್ವಯವಾಗಿಲ್ಲ. ಅವು ಓಲಿದ ಬದಿಗೆ ಹರಿಯದೆ ಎದುರು ಬದಿಗೆ ಏರುತ್ತಿವೆ. ಈ ವಾರ ಅದನ್ನು ಬಿಡಿಸಬೇಕು, ಆಮೇಲೆ ಗೂಡಿನ ಬಾಗಿಲು ತೆರೆಯುವ ಚಲನೆಗೆ ಕೈಹಾಕಬೇಕು.